ಸಕ್ಕರೆ, ಬೆಲ್ಲ, ಜೇನು, ಸ್ಟೀವಿಯಾ: ಯಾವುದನ್ನು ಆರಿಸೋದು, ಎಲ್ಲಿ ಕಡಿಮೆ ಮಾಡೋದು

"ಡಾಕ್ಟರು ಸಕ್ಕರೆ ಕಡಿಮೆ ಮಾಡಿ ಅಂದ್ರು, ಅದಕ್ಕೇ ಈಗ ಕಾಫಿಗೆ ಬೆಲ್ಲ ಹಾಕ್ತೀನಿ." ಈ ಮಾತನ್ನು ನೀವೂ ಕೇಳಿರುತ್ತೀರಿ. ಕೆಲವರು ಜೇನುತುಪ್ಪಕ್ಕೆ ಹೋಗುತ್ತಾರೆ, ಕೆಲವರು ಬ್ರೌನ್ ಶುಗರ್ ತರುತ್ತಾರೆ, ಇನ್ನು ಕೆಲವರು ಪುಟ್ಟ ಡಬ್ಬಿಯ ಮಾತ್ರೆಗೆ. ಎಲ್ಲರಿಗೂ ಒಳ್ಳೆಯದನ್ನೇ ಮಾಡಬೇಕು ಅಂತ ಆಸೆ. ಆದರೆ ಯಾವುದರ ಬದಲು ಯಾವುದು ಅಂತ ಯೋಚಿಸುವ ಭರದಲ್ಲಿ ದಿನಕ್ಕೆ ಒಟ್ಟು ಎಷ್ಟು, ಯಾವ ದಾರಿಯಲ್ಲಿ ಹೊಟ್ಟೆಗೆ ಹೋಗುತ್ತಿದೆ ಅನ್ನುವುದು ಮರೆತೇ ಹೋಗುತ್ತದೆ. ನನ್ನ ಪ್ರಕಾರ ಆರೋಗ್ಯ ನಿಂತಿರುವುದು ಈ ಎರಡನೆಯ ಲೆಕ್ಕದ ಮೇಲೆ. ಹಾಗಂತ ಮೊದಲನೆಯ ಪ್ರಶ್ನೆ ಸುಳ್ಳಲ್ಲ. ಎರಡನ್ನೂ ನೋಡೋಣ.

ಮೊದಲು ಅಳತೆ

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಹೇಳಿತು. ದಿನದ ಒಟ್ಟು ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕೆಳಗೆ ಇಳಿಸಿದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಶೇ 10 ಅಂದರೆ 50 ಗ್ರಾಂ, ಶೇ 5 ಅಂದರೆ 25 ಗ್ರಾಂ. ಒಂದು ಟೀ ಚಮಚ ಸಮಕ್ಕೆ ತುಂಬಿದರೆ 4ರಿಂದ 5 ಗ್ರಾಂ ಬರುತ್ತದೆ. ಅಂದರೆ 25 ಗ್ರಾಂಗೆ ಐದಾರು ಚಮಚ.

ಈ ಲೆಕ್ಕಕ್ಕೆ ಏನೇನು ಸೇರುತ್ತದೆ ಅನ್ನುವುದನ್ನು ಗಮನಿಸಿ. ನಾವು ಹಾಕಿಕೊಳ್ಳುವ ಸಕ್ಕರೆ, ಕಾರ್ಖಾನೆಯಲ್ಲಿ ಸೇರಿಸಿದ ಸಕ್ಕರೆ, ಬೆಲ್ಲ, ಜೇನುತುಪ್ಪ, ಪಾಕಗಳು, ಹಣ್ಣಿನ ಜ್ಯೂಸ್ ಎಲ್ಲವೂ ಸೇರುತ್ತವೆ. ಇಡೀ ಹಣ್ಣಿನೊಳಗಿನ ಸಕ್ಕರೆ, ಬರೀ ಹಾಲಿನ ಸಕ್ಕರೆ ಸೇರುವುದಿಲ್ಲ.

ಈಗ ನಮ್ಮ ದಿನ ನೋಡಿ. ಬೆಳಗ್ಗೆ ಎದ್ದ ಕೂಡಲೇ ಒಂದು ಕಾಫಿ, ತಿಂಡಿ ಆದಮೇಲೆ ಒಂದು, ಸಂಜೆ ಒಂದು. ಲೋಟಕ್ಕೆ ಎರಡು ಚಮಚದಂತೆ ಹಾಕಿದರೆ ಅಲ್ಲಿಗೇ 25ರಿಂದ 30 ಗ್ರಾಂ. ಸಿಹಿ ಅಂತ ಇನ್ನೂ ಏನನ್ನೂ ತಿಂದೇ ಇಲ್ಲ, ದಿನದ 25 ಗ್ರಾಂ ಪಾಲು ಮುಗಿದು ಹೋಗಿರುತ್ತದೆ. ಅಡುಗೆಮನೆಯ ಚಮಚ ದೊಡ್ಡದಿದ್ದು, ಗೋಪುರದ ಹಾಗೆ ತುಂಬಿ ಹಾಕುವ ರೂಢಿ ಇದ್ದರೆ ಇನ್ನೂ ಜಾಸ್ತಿ. ಮನೆಯಲ್ಲಿ ಅಡುಗೆ ತಕ್ಕಡಿ ಇದ್ದರೆ ಒಮ್ಮೆ ನಿಮ್ಮ ಚಮಚವನ್ನೇ ತೂಗಿ ನೋಡಿ.

ಅಷ್ಟಕ್ಕೂ ಏನಾಗುತ್ತದೆ?

ಸಕ್ಕರೆಯ ಅರ್ಧ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್. ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ, ಇನ್ಸುಲಿನ್ ಬಂದು ಅದನ್ನು ಜೀವಕೋಶಗಳಿಗೆ ದಾಟಿಸುತ್ತದೆ. ಫ್ರಕ್ಟೋಸ್‌ನ ಕೆಲಸ ಹೆಚ್ಚಾಗಿ ಲಿವರ್‌ನಲ್ಲಿ ನಡೆಯುತ್ತದೆ. ದಿನವೂ ಬೇಕಾದ್ದಕ್ಕಿಂತ ಹೆಚ್ಚು ಬಂದು ಬೀಳುತ್ತಿದ್ದರೆ ಲಿವರ್ ಅದನ್ನು ಕೊಬ್ಬಾಗಿ ಬದಲಾಯಿಸುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಏರುತ್ತದೆ, ಲಿವರ್‌ನಲ್ಲೂ ಕೊಬ್ಬು ಕೂರುತ್ತದೆ. ಹನಿ ಹೆಂಡ ಮುಟ್ಟದವರ ಸ್ಕ್ಯಾನಿಂಗ್ ವರದಿಯಲ್ಲೂ "ಫ್ಯಾಟಿ ಲಿವರ್" ಅಂತ ಬರುವುದಕ್ಕೆ ಇದೂ ಒಂದು ಕಾರಣ. ಹೆಚ್ಚಾದರೆ ಕೀಲುನೋವು ತರುವ ಯೂರಿಕ್ ಆ್ಯಸಿಡ್ ಕೂಡ ಏರಬಹುದು.

ಸಕ್ಕರೆ ತಿಂದವರಿಗೆಲ್ಲ ಸಕ್ಕರೆ ಕಾಯಿಲೆ ಬಂದೇ ಬರುತ್ತದೆ ಅನ್ನುವುದು ತಪ್ಪು. ಮನೆತನ, ತೂಕ, ಓಡಾಟ, ನಿದ್ದೆ, ಅನ್ನದ ಪ್ರಮಾಣ ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಸಿಹಿ ಪಾನೀಯ ದಿನವೂ ಕುಡಿಯುವವರಲ್ಲಿ ಟೈಪ್ 2 ಮಧುಮೇಹ ಹೆಚ್ಚು ಅನ್ನುವುದು ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಭಾರತದಲ್ಲಿ ಸುಮಾರು 10 ಕೋಟಿ ಜನಕ್ಕೆ ಮಧುಮೇಹ ಇದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ ಅಂತ 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಸಮೀಕ್ಷೆ ಹೇಳಿತು. ಇಷ್ಟು ಜನ ಅಪಾಯದ ಅಂಚಿನಲ್ಲಿರುವಾಗ ಸಕ್ಕರೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಬೆಲ್ಲವೋ ಸಕ್ಕರೆಯೋ

ಕನ್ನಡನಾಡಿನಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಸಕ್ಕರೆಯಲ್ಲಿ ಸುಕ್ರೋಸ್ (ಗ್ಲೂಕೋಸ್, ಫ್ರಕ್ಟೋಸ್ ಎರಡೂ ಸೇರಿ ಆದದ್ದು) ಬಿಟ್ಟರೆ ಬೇರೇನೂ ಇಲ್ಲ ಅಂತಲೇ ಹೇಳಬಹುದು. ಬೆಲ್ಲದಲ್ಲೂ ಬಹುಪಾಲು ಅದೇ ಸುಕ್ರೋಸ್, ಜೊತೆಗೆ ಒಂದಿಷ್ಟು ಗ್ಲೂಕೋಸ್ ಮತ್ತು ಫ್ರಕ್ಟೋಸ್, ಸ್ವಲ್ಪ ನೀರು, ಸ್ವಲ್ಪ ಖನಿಜ. 100 ಗ್ರಾಂ ಸಕ್ಕರೆಯಲ್ಲಿ 400ರ ಹತ್ತಿರ ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ 350ರಿಂದ 380. ಬೆಲ್ಲದ ಸಿಹಿ ಸ್ವಲ್ಪ ಕಡಿಮೆ ಅನಿಸಿ ನಾವು ಒಂದು ಚೂರು ಜಾಸ್ತಿಯೇ ಹಾಕುತ್ತೇವೆ. ಅಲ್ಲಿಗೆ ಆ ವ್ಯತ್ಯಾಸವೂ ಹೋಯಿತು. ರಕ್ತದ ಸಕ್ಕರೆ ಏರಿಸುವುದರಲ್ಲಿ ಬೆಲ್ಲ ಹಿಂದೆ ಬಿದ್ದಿಲ್ಲ. ಶುಗರ್ ಇರುವವರು "ಬೆಲ್ಲ ತಾನೇ, ಪರವಾಗಿಲ್ಲ" ಅಂದುಕೊಳ್ಳುವುದು ನಿಜಕ್ಕೂ ಅಪಾಯ.

ಕಬ್ಬಿಣಾಂಶದ ಮಾತು ಬಂದೇ ಬರುತ್ತದೆ. ಬೆಲ್ಲದಲ್ಲಿ ಕಬ್ಬಿಣ ಇದೆ, ಸುಳ್ಳಲ್ಲ. 100 ಗ್ರಾಂನಲ್ಲಿ 5 ಮಿಲಿಗ್ರಾಂ ಅಂತ ಇಟ್ಟುಕೊಳ್ಳೋಣ. ಒಂದು ಲೋಟ ಕಾಫಿಗೆ ಹಾಕುವ 10 ಗ್ರಾಂ ಬೆಲ್ಲದಲ್ಲಿ ಅರ್ಧ ಮಿಲಿಗ್ರಾಂ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಐಸಿಎಂಆರ್ 2020ರಲ್ಲಿ ಹೇಳಿದೆ. ಅದರ ಮೇಲೆ, ಕಾಫಿ ಟೀಯಲ್ಲಿರುವ ಒಗರಿನ ಅಂಶಗಳೇ ಕಬ್ಬಿಣ ದೇಹಕ್ಕೆ ಸೇರದಂತೆ ತಡೆಯುತ್ತವೆ. ಬೆಲ್ಲದ ಕಾಫಿ ಕುಡಿದು ರಕ್ತ ಹೆಚ್ಚಿಸಿಕೊಳ್ಳುವ ಲೆಕ್ಕ ಇಲ್ಲಿಗೆ ಮುಗಿಯಿತು. ಕಬ್ಬಿಣ ಬೇಕಿದ್ದರೆ ಹುರುಳಿಕಾಳಿಗೆ ಹೋಗಿ, 100 ಗ್ರಾಂಗೆ 8 ಮಿಲಿಗ್ರಾಂಗಿಂತ ಹೆಚ್ಚು ಇದೆ. ಹುರುಳಿ ಸಾರಿನ ಜೊತೆ ರಾಗಿ ಮುದ್ದೆ, ಪಲ್ಯಕ್ಕೆ ಸ್ವಲ್ಪ ನಿಂಬೆ ಹಿಂಡಿಕೊಂಡರೆ ಬೆಲ್ಲ ಕೊಡದಷ್ಟು ಆ ಒಂದು ಊಟ ಕೊಡುತ್ತದೆ.

ಹಾಗಾದರೆ ಬೆಲ್ಲ ಬೇಡವೇ? ರುಚಿಗೆ ಬೇಕೇ ಬೇಕು. ಹೋಳಿಗೆಯ ಹೂರಣ, ಕಾಯಿಕಡುಬು, ಮಲೆನಾಡಿನ ಜೋನಿ ಬೆಲ್ಲದ ಜೊತೆ ಬಿಸಿ ದೋಸೆ, ಇವಕ್ಕೆ ಸಕ್ಕರೆ ಹಾಕಿದರೆ ಆ ಘಮವೇ ಇಲ್ಲ. ಸಿಹಿ ತಿನ್ನುವುದೇ ಆದರೆ ರುಚಿ ಇರುವುದನ್ನು ಸ್ವಲ್ಪ ತಿನ್ನಿ ಅನ್ನುವವಳು ನಾನು. ಕೊಳ್ಳುವಾಗ ಮಾತ್ರ ಬಣ್ಣಕ್ಕೆ ಮರುಳಾಗಬೇಡಿ. ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಕೊಳೆ ತೆಗೆಯಲು ಸುಣ್ಣ, ಬೆಂಡೆಗಿಡದ ಲೋಳೆ ಹಾಕುವುದು ಹಳೆಯ ಪದ್ಧತಿ. ಹಾಗೆ ಮಾಡಿದ ಬೆಲ್ಲ ಕಂದು ಬಣ್ಣಕ್ಕೇ ಇರುತ್ತದೆ. ಹೊಂಬಣ್ಣ ಬರಲಿ ಅಂತ ಕೆಲವು ಕಡೆ ಹೈಡ್ರೋಸ್ ಅನ್ನುವ ಬಿಳಿಚಿಸುವ ಪುಡಿ ಹಾಕುತ್ತಾರೆ. ಅದರಿಂದ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ, ಅಸ್ತಮಾ ಇರುವ ಕೆಲವರಿಗೆ ಅದು ಆಗಿಬರುವುದಿಲ್ಲ. ಮಂಡ್ಯ ಕಡೆ ಬೆಲ್ಲಕ್ಕೆ ಸಕ್ಕರೆಯನ್ನೇ ಬೆರೆಸುವ ದೂರುಗಳೂ ಬಂದಿವೆ. ಅಂಥ ಬೆಲ್ಲ ಕೊಂಡರೆ ಸಕ್ಕರೆ ಬಿಟ್ಟು ಸಕ್ಕರೆಯನ್ನೇ ತಂದ ಹಾಗಾಯಿತು. ಕಪ್ಪಗಿರುವ, ಗಟ್ಟಿ ಅಚ್ಚು ಅಥವಾ ಉಂಡೆ ಬೆಲ್ಲವನ್ನು ಗುರುತಿರುವ ಕಡೆ ಕೊಳ್ಳುವುದು ಮೇಲು.

ಜೇನು, ಖರ್ಜೂರ, ಇನ್ನಿತರೆ

ಜೇನುತುಪ್ಪದಲ್ಲಿ ಐದರಲ್ಲಿ ಒಂದು ಭಾಗದ ಹತ್ತಿರ ನೀರು, ಉಳಿದದ್ದು ಬಹುತೇಕ ಫ್ರಕ್ಟೋಸ್ ಮತ್ತು ಗ್ಲೂಕೋಸ್. ಫ್ರಕ್ಟೋಸ್ ಜಾಸ್ತಿ ಇರುವುದರಿಂದ ಸಿಹಿ ಚುರುಕು, ಸ್ವಲ್ಪದರಲ್ಲೇ ಕೆಲಸ ಆಗುತ್ತದೆ. ಒಣಕೆಮ್ಮಿಗೆ ರಾತ್ರಿ ಒಂದು ಚಮಚ ಜೇನು ಹಿತ ಕೊಡುತ್ತದೆ, ಇದಕ್ಕೆ ಅಧ್ಯಯನಗಳ ಬೆಂಬಲವೂ ಇದೆ. ಬೆಳಗ್ಗೆ ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿದರೆ ಕೊಬ್ಬು ಕರಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ, ಅದು ಸಿಹಿ ನೀರು ಅಷ್ಟೇ. ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ. ಹುಟ್ಟಿದ ಕೂಸಿಗೆ ಮೊದಲು ಜೇನು ಮುಟ್ಟಿಸುವ ಸಂಪ್ರದಾಯ ನಮ್ಮಲ್ಲಿದೆ, ಅಜ್ಜಿಗೆ ಬೇಸರವಾಗಬಹುದು. ಆದರೆ ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರುವ ಸಾಧ್ಯತೆ ಇದೆ. ಕೂಸಿನ ಕರುಳಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ, ಉಸಿರಾಟದ ಸ್ನಾಯುಗಳೇ ಸೋತುಹೋಗಬಹುದು.

ಬ್ರೌನ್ ಶುಗರ್, ಖಂಡಸಾರಿ, ಕಲ್ಲುಸಕ್ಕರೆ, ತೆಂಗಿನ ಸಕ್ಕರೆ ಇವೆಲ್ಲ ಬೇರೆ ಬೇರೆ ಬಣ್ಣ, ಬೆಲೆಯ ಸಕ್ಕರೆಗಳೇ. ರುಚಿಗೆ ಬೇಕಾದರೆ ಕೊಳ್ಳಿ, ಆರೋಗ್ಯದ ಹೆಸರಲ್ಲಿ ಮೂರು ಪಟ್ಟು ದುಡ್ಡು ಸುರಿಯಬೇಡಿ. ಖರ್ಜೂರದ ಮಾತು ಬೇರೆ. ಇಡೀ ಖರ್ಜೂರದಲ್ಲಿ ಸಕ್ಕರೆ ತುಂಬಾ ಇದ್ದರೂ ನಾರು ಇದೆ, ಅಗಿದು ತಿನ್ನಬೇಕು, ಎರಡು ತಿಂದರೆ ಸಾಕು ಅನಿಸುತ್ತದೆ. ಅದೇ ಖರ್ಜೂರದ ಪಾಕವನ್ನು ಬಾಟಲಿಯಲ್ಲಿ ತಂದರೆ ಆ ಲಾಭದಲ್ಲಿ ಬಹುಪಾಲು ಕಳೆದುಹೋಗಿರುತ್ತದೆ.

ಹಲ್ಲಿನ ಲೆಕ್ಕದಲ್ಲಿ ನೋಡಿದರೆ ಬೆಲ್ಲ, ಜೇನು, ಸಕ್ಕರೆ ಯಾವುದಕ್ಕೂ ರಿಯಾಯಿತಿ ಇಲ್ಲ. ಸ್ವೀಡನ್‌ನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಬುದ್ಧಿಮಾಂದ್ಯರಿಗೆ ಬೇಕಂತಲೇ ಅಂಟು ಮಿಠಾಯಿ ತಿನ್ನಿಸಿ ಹಲ್ಲು ಹಾಳಾಗುವುದನ್ನು ಅಳೆದರು. ಅವರ ಒಪ್ಪಿಗೆ ಕೇಳುವವರೇ ಇರಲಿಲ್ಲ. ನೆನೆದರೆ ಸಂಕಟವಾಗುವ ಕೆಲಸ ಅದು. ಅಲ್ಲಿ ತಿಳಿದದ್ದು ಇಷ್ಟು: ಊಟದ ಜೊತೆ ತಿಂದ ಸಿಹಿಗಿಂತ ಊಟದ ನಡುವೆ ಆಗಾಗ ತಿಂದ, ಹಲ್ಲಿಗೆ ಅಂಟುವ ಸಿಹಿ ಹೆಚ್ಚು ಹುಳುಕು ತರುತ್ತದೆ. ಮಕ್ಕಳಿಗೆ ಚಿಕ್ಕಿ, ಬೆಲ್ಲದ ಮಿಠಾಯಿ ಕೊಡುವುದಿದ್ದರೆ ಊಟದ ಕೊನೆಗೇ ಕೊಡಿ, ಬಾಯಿ ಮುಕ್ಕಳಿಸಲು ಹೇಳಿ.

ಕುಡಿಯುವ ಸಕ್ಕರೆ: ಕಡಿಮೆ ಮಾಡಲು ಮೊದಲ ಜಾಗ

ಒಂದೇ ಒಂದು ಬದಲಾವಣೆ ಮಾಡುವುದಾದರೆ ಯಾವುದು ಅಂತ ಕೇಳಿದರೆ ನಾನು ಇಲ್ಲಿಗೇ ಬೆರಳು ತೋರಿಸುತ್ತೇನೆ. ಕೋಲಾದಂಥ ಪಾನೀಯದಲ್ಲಿ 100 ಎಂ.ಎಲ್‌ಗೆ 10-11 ಗ್ರಾಂ ಸಕ್ಕರೆ. 300 ಎಂ.ಎಲ್ ಬಾಟಲಿ ಮುಗಿಸಿದರೆ 30 ಗ್ರಾಂ ದಾಟಿತು, ಅಂದರೆ ಆರೇಳು ಚಮಚ. ಅಷ್ಟನ್ನು ಚಮಚದಲ್ಲಿ ತಿನ್ನಿ ಅಂದರೆ ಯಾರೂ ತಿನ್ನುವುದಿಲ್ಲ, ಕುಡಿಯುವಾಗ ಗೊತ್ತೇ ಆಗುವುದಿಲ್ಲ. ಕುಡಿದ ಕ್ಯಾಲೊರಿ ಹಸಿವನ್ನೂ ತಣಿಸುವುದಿಲ್ಲ. ಅರ್ಧ ಗಂಟೆ ಬಿಟ್ಟು ಊಟ ಮಾಮೂಲಿನಷ್ಟೇ ಇಳಿಯುತ್ತದೆ.

ರಸ್ತೆ ಬದಿಯ ಕಬ್ಬಿನ ಹಾಲು ಸಹಜ ಅಂತ ಅನಿಸುತ್ತದೆ. ಅದರಲ್ಲೂ 100 ಎಂ.ಎಲ್‌ಗೆ ಕೋಲಾಕ್ಕಿಂತ ಕಡಿಮೆಯೇನೂ ಇಲ್ಲ, ಹೆಚ್ಚೇ ಇರುತ್ತದೆ. ದೊಡ್ಡ ಲೋಟದಲ್ಲಿ 30 ಗ್ರಾಂ ಸಕ್ಕರೆ ಸುಲಭವಾಗಿ ಹೊಟ್ಟೆ ಸೇರುತ್ತದೆ. ಮೋಸಂಬಿ ಜ್ಯೂಸ್‌ಗೆ ಮೂರು ನಾಲ್ಕು ಹಣ್ಣು ಹಿಂಡುತ್ತಾರೆ, ನಾರು ಜರಡಿಯಲ್ಲಿ ಉಳಿಯುತ್ತದೆ, ಮೇಲೆ ಎರಡು ಚಮಚ ಸಕ್ಕರೆಯೂ ಬೀಳುತ್ತದೆ. ಅದೇ ಮೋಸಂಬಿ ಸುಲಿದು ತಿಂದರೆ ಒಂದಕ್ಕೇ ತೃಪ್ತಿ. ಹಣ್ಣೋ ಜ್ಯೂಸೋ ಅನ್ನುವ ಪ್ರಶ್ನೆಗೆ ಯಾವಾಗಲೂ ಹಣ್ಣು ಅನ್ನುವುದೇ ಉತ್ತರ.

ಬಿಸಿಲಿಗೆ ಏನು ಕುಡಿಯೋದು ಹಾಗಾದರೆ? ಇಂಗು, ಕೊತ್ತಂಬರಿ, ಉಪ್ಪು ಹಾಕಿದ ನೀರು ಮಜ್ಜಿಗೆ ಮೊದಲನೆಯದು. ರಾಗಿ ಅಂಬಲಿ ಹೊಟ್ಟೆಯನ್ನೂ ತಂಪಾಗಿಡುತ್ತದೆ. ಎಳನೀರಿನಲ್ಲಿ ಸಿಹಿ ಇದ್ದರೂ ಕಬ್ಬಿನ ಹಾಲಿನ ಪಕ್ಕ ಇಟ್ಟರೆ ತುಂಬಾ ಕಡಿಮೆ, ಆದರೆ ಪೊಟ್ಯಾಸಿಯಂ ಜಾಸ್ತಿ ಇರುವುದರಿಂದ ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಕರಾವಳಿಯವರು ಪುನರ್ಪುಳಿ ಶರಬತ್ತಿಗೆ ಸಕ್ಕರೆ ಅರ್ಧಕ್ಕೆ ಇಳಿಸಿ ಉಪ್ಪು, ಜೀರಿಗೆ ಹಾಕಿ ನೋಡಿ, ಹುಳಿ ತಾನೇ ಎದ್ದು ನಿಲ್ಲುತ್ತದೆ.

ಕಾಫಿ ವಿಷಯಕ್ಕೆ ಬಂದರೆ, ಹೋಟೆಲುಗಳಲ್ಲಿ ಲೋಟಕ್ಕೆ ಮೊದಲೇ ಸಕ್ಕರೆ ಹಾಕಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಕೌಂಟರ್‌ನಲ್ಲೇ "ಸಕ್ಕರೆ ಬೇರೆ ಕೊಡಿ" ಅಂದರೆ ಆಯಿತು. ಮನೆಯಲ್ಲಿ ಒಮ್ಮೆಲೇ ಬಿಡಲು ಹೋಗಬೇಡಿ. ಎರಡು ಚಮಚವನ್ನು ಒಂದೂಮುಕ್ಕಾಲು ಮಾಡಿ, ಒಂದೆರಡು ವಾರ ಬಿಟ್ಟು ಒಂದೂವರೆ ಮಾಡಿ. ನಾಲಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಚಿಕೋರಿ ಕಡಿಮೆ ಇರುವ ಒಳ್ಳೆಯ ಪುಡಿ, ಗಟ್ಟಿ ಹಾಲು ಇದ್ದರೆ ಸಕ್ಕರೆ ಬೇಕು ಅನಿಸುವುದೂ ಕಡಿಮೆ.

ಸಿಹಿ ಮಾತ್ರೆ, ಸ್ಟೀವಿಯಾ, ಸುಕ್ರಲೋಸ್

ಇಲ್ಲಿ ಎರಡು ಕಡೆಯೂ ಅತಿರೇಕದ ಮಾತು ಕೇಳಿಸುತ್ತದೆ. ಒಬ್ಬರು ಕ್ಯಾನ್ಸರ್ ಅನ್ನುತ್ತಾರೆ, ಇನ್ನೊಬ್ಬರು ಎಷ್ಟು ಬೇಕಾದರೂ ತಿನ್ನಿ ಅನ್ನುತ್ತಾರೆ. ಸಿಹಿ ಮಾತ್ರೆಗಳಲ್ಲಿ ಬಳಸುವ ಆಸ್ಪಾರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ಹಾಗಾಗಿ ಚಿಟಿಕೆಗೂ ಕಡಿಮೆ ಸಾಕು, ರಕ್ತದ ಸಕ್ಕರೆ ಅಷ್ಟಾಗಿ ಏರುವುದಿಲ್ಲ.

2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಇವನ್ನು ನಂಬಬೇಡಿ ಅಂತ ಹೇಳಿತು. ದೀರ್ಘಕಾಲ ಬಳಸಿದವರಲ್ಲಿ ಮೈಕೊಬ್ಬು ಇಳಿದದ್ದು ಕಾಣಲಿಲ್ಲ ಅನ್ನುವುದು ಅದರ ಕಾರಣ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಅಂತಲೂ ಸ್ಪಷ್ಟವಾಗಿ ಹೇಳಿತ್ತು, ಆದರೆ ಆ ಭಾಗವನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಅದೇ ವರ್ಷದ ಜುಲೈನಲ್ಲಿ ಆಸ್ಪಾರ್ಟೇಮ್ ಅನ್ನು "ಬಹುಶಃ ಕ್ಯಾನ್ಸರ್ ತರಬಹುದಾದ" ಪಟ್ಟಿಗೆ ಸೇರಿಸಿದರು. ಪುರಾವೆ ಸೀಮಿತ ಇದ್ದಾಗ ಹಾಕುವ ಪಟ್ಟಿ ಅದು. ದಿನಕ್ಕೆ ಒಂದು ಕೆ.ಜಿ ಮೈತೂಕಕ್ಕೆ 40 ಮಿಲಿಗ್ರಾಂ ಅನ್ನುವ ಹಳೆಯ ಮಿತಿಯನ್ನು ತಜ್ಞರು ಹಾಗೇ ಉಳಿಸಿದರು. 70 ಕೆ.ಜಿ ತೂಕದವರು ಅದನ್ನು ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್ ಡಯಟ್ ಸೋಡಾ ಕುಡಿಯಬೇಕು. ಫಿನೈಲ್‌ಕೀಟೋನೂರಿಯಾ ಅನ್ನುವ ಹುಟ್ಟು ಕಾಯಿಲೆ ಇರುವವರು ಮಾತ್ರ ಆಸ್ಪಾರ್ಟೇಮ್ ಮುಟ್ಟಲೇಬಾರದು.

ನನ್ನ ಅಭಿಪ್ರಾಯ ಹೀಗಿದೆ. ಶುಗರ್ ಇದ್ದು, ದಿನಕ್ಕೆ ಎರಡು ಕಾಫಿ ಸಿಹಿಯಿಲ್ಲದೆ ಆಗುವುದೇ ಇಲ್ಲ ಅನ್ನುವವರಿಗೆ ಒಂದೆರಡು ಮಾತ್ರೆ ತಪ್ಪಲ್ಲ. ಆರೋಗ್ಯವಾಗಿರುವವರು, ಅದರಲ್ಲೂ ಮಕ್ಕಳು, ಇದರ ಅಭ್ಯಾಸ ಮಾಡಿಕೊಳ್ಳುವ ಅಗತ್ಯ ಇಲ್ಲ. ಅಡುಗೆಗೆ ಆಸ್ಪಾರ್ಟೇಮ್ ಆಗುವುದಿಲ್ಲ, ಕಾಯಿಸಿದರೆ ಸಿಹಿ ಹೋಗುತ್ತದೆ. ಸ್ಟೀವಿಯಾ ಗಿಡದಿಂದ ಬಂದದ್ದು ನಿಜ, ಕೊನೆಗೆ ಸ್ವಲ್ಪ ಕಹಿ ಉಳಿಯುತ್ತದೆ. ಅದರ ಪುಡಿ ಪ್ಯಾಕೆಟ್‌ನಲ್ಲಿ ಎರಿಥ್ರಿಟಾಲ್ (ಇನ್ನೊಂದು ಸಿಹಿಕಾರಕ) ಅಥವಾ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಬೆರೆಸಿರುವುದು ಮಾಮೂಲು, ಹಿಂದೆ ತಿರುಗಿಸಿ ಓದಿ.

ಪೊಟ್ಟಣದ ಹಿಂಭಾಗ

2020ರ ಲೇಬಲ್ ನಿಯಮದ ಪ್ರಕಾರ ಒಟ್ಟು ಸಕ್ಕರೆ ಮತ್ತು ಸೇರಿಸಿದ ಸಕ್ಕರೆ ಎರಡನ್ನೂ ಬೇರೆ ಬೇರೆ ಬರೆಯಬೇಕು. ನಿಮಗೆ ಬೇಕಾದದ್ದು ಎರಡನೆಯದು. ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿಯ ಡಬ್ಬಿ ತೆಗೆದುಕೊಳ್ಳಿ. 100 ಗ್ರಾಂಗೆ ಸೇರಿಸಿದ ಸಕ್ಕರೆ 30 ಗ್ರಾಂ ಅಂತ ಇದೆ ಅಂದುಕೊಳ್ಳಿ. ಒಂದು ಲೋಟಕ್ಕೆ 20 ಗ್ರಾಂ ಪುಡಿ ಹಾಕಿದರೆ 6 ಗ್ರಾಂ ಸಕ್ಕರೆ. ಮಗು ಕುಡಿಯಲ್ಲ ಅಂತ ಅಮ್ಮ ಮೇಲೆ ಒಂದು ಚಮಚ ಹಾಕುತ್ತಾಳೆ, ಸಂಜೆ ಇನ್ನೊಂದು ಲೋಟ. ಅಲ್ಲಿಗೆ 20 ಗ್ರಾಂ ದಾಟಿತು. ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೆಯಿರಿ ಅಂತ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಹೇಳಿದ್ದು ಸುಮ್ನೆ ಅಲ್ಲ.

ಪದಾರ್ಥಗಳ ಪಟ್ಟಿ ತೂಕದ ಪ್ರಕಾರ ಇರುತ್ತದೆ, ಹೆಚ್ಚಿರುವುದು ಮೊದಲು. ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್ ಅಂತ ಬೇರೆ ಬೇರೆ ಹೆಸರಲ್ಲಿ ಹಂಚಿದ್ದರೆ ಯಾವುದೂ ಮೊದಲಿಗೆ ಕಾಣುವುದಿಲ್ಲ. ಎರಡು ಬಿಸ್ಕತ್ತು ಪ್ಯಾಕೆಟ್ ಹೋಲಿಸುವಾಗ "ಒಂದು ಸರ್ವಿಂಗ್‌ಗೆ" ಅನ್ನುವ ಸಾಲು ಬಿಟ್ಟು 100 ಗ್ರಾಂ ಸಾಲನ್ನೇ ನೋಡಿ. "ಶುಗರ್ ಫ್ರೀ" ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲದಿದ್ದರೂ ಮೈದಾ ಇರುತ್ತದೆ, ಅದೂ ಗ್ಲೂಕೋಸ್ ಆಗುವುದೇ.

ಪುಟ್ಟ ಮಕ್ಕಳು

ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ, ಬೆಲ್ಲ ಯಾವುದೂ ಬೇಡ. ಇದಕ್ಕೆ ಬ್ರಿಟನ್ನಿನಿಂದ ಬಂದ ಪುರಾವೆ ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಸಕ್ಕರೆಗೆ ರೇಷನ್ ಇತ್ತು, 1953ರ ಸೆಪ್ಟೆಂಬರ್‌ನಲ್ಲಿ ತೆಗೆದರು. ತೆಗೆದ ಕೂಡಲೇ ದೊಡ್ಡವರು ತಿನ್ನುವ ಸಕ್ಕರೆ ದಿನಕ್ಕೆ ಸುಮಾರು 40 ಗ್ರಾಂನಿಂದ 80 ಗ್ರಾಂಗೆ ಏರಿತು. ರೇಷನ್ ಕಾಲದಲ್ಲಿ ಗರ್ಭದಲ್ಲಿದ್ದು ಮೊದಲ ಎರಡು ವರ್ಷ ಕಳೆದವರನ್ನೂ ಆಮೇಲೆ ಹುಟ್ಟಿದವರನ್ನೂ 2024ರಲ್ಲಿ ಸಂಶೋಧಕರು ಹೋಲಿಸಿದರು. ಮೊದಲಿನವರಲ್ಲಿ ಟೈಪ್ 2 ಮಧುಮೇಹದ ಅಪಾಯ ಸುಮಾರು ಶೇ 35, ರಕ್ತದೊತ್ತಡದ ಅಪಾಯ ಸುಮಾರು ಶೇ 20 ಕಡಿಮೆ ಇತ್ತು. ರಾಗಿ ಸರಿಗೆ ಬೆಲ್ಲ ಹಾಕದೆ ಕೊಟ್ಟರೂ ಮಗು ತಿನ್ನುತ್ತದೆ. ಅದಕ್ಕೆ ಬೆಲ್ಲದ ರುಚಿ ಇನ್ನೂ ಗೊತ್ತೇ ಇರುವುದಿಲ್ಲ, ಅಲ್ವಾ? ಬೇಕಾದರೆ ಕಿವುಚಿದ ಬಾಳೆಹಣ್ಣು ಸೇರಿಸಿ.

ಹಬ್ಬದ ಸಿಹಿ

ಯುಗಾದಿ ಹೋಳಿಗೆ, ಸಂಕ್ರಾಂತಿ ಎಳ್ಳುಬೆಲ್ಲ, ರಾಮನವಮಿ ಪಾನಕ ವರ್ಷಕ್ಕೊಮ್ಮೆ ಬರುವಂಥವು. ಶುಗರ್ ಇಲ್ಲದವರು ಅವನ್ನು ಮುರಿದು ತೂಗಿ ತಿನ್ನಬೇಕಿಲ್ಲ. ಸಿಗುವ ಸಿಹಿಯಲ್ಲೆಲ್ಲ ಕೊನೆಗೆ ಬಿಡಬೇಕಾದದ್ದು ಇದು, ಆದರೆ ಜನ ಮೊದಲು ಕೈ ಹಾಕುವುದು ಇದಕ್ಕೇ. ಹೋಳಿಗೆ ಬೇಡ ಅಂದು ಸಂಜೆ ಟೀಗೆ ಎರಡು ಚಮಚ ಸಕ್ಕರೆ, ನಾಲ್ಕು ಬಿಸ್ಕತ್ತು.

ಬದಲಿ ಹಾಕಬಾರದ ಎರಡು ಜಾಗ

ವಾಂತಿ ಭೇದಿಯಲ್ಲಿ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸಮಕ್ಕೆ ತುಂಬಿದ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕುತ್ತಾರೆ. ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳಲು ಆ ಗ್ಲೂಕೋಸ್ ಬೇಕು. ಸಿಹಿ ಮಾತ್ರೆಯಿಂದ ಆ ಕೆಲಸ ಆಗುವುದಿಲ್ಲ.

ಇನ್ನೊಂದು, ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ ಇಳಿದಾಗ. ಬೆವರು, ನಡುಕ, ಕಣ್ಣು ಮಂಜಾಗುವುದು, ತಡಬಡ ಮಾತು ಕಂಡರೆ, ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಅದು ಒಡೆಯುವುದನ್ನೇ ಆ ಮಾತ್ರೆ ನಿಧಾನ ಮಾಡಿರುತ್ತದೆ. ಅಂಥವರ ಮನೆಯಲ್ಲಿ ಮೆಡಿಕಲ್ ಅಂಗಡಿಯ ಗ್ಲೂಕೋಸ್ ಪುಡಿಯೇ ಇರಬೇಕು, ಅದು ಎಲ್ಲಿದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.